ಹೆಚ್ಚಿನ ಅಕ್ಕಿ ಮತ್ತು ದೂರದ ವೈದ್ಯ



ಆಯ್ದಕ್ಕಿ ಮಾರಯ್ಯ ಹಾಗೂ ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ನಮ್ಮ ಸೀಮೆಗಂತೂ ಅವರು ದೂರದವರಲ್ಲ. ಕೃಷ್ಣೆಯ ಆಚೆ ದಂಡೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂಬುದು ಪ್ರತೀತಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ನಮ್ಮ ಪಾಲಿಗೆ ಸಲ್ಲದ್ದು ನಮ್ಮ ಮನೆಯಲ್ಲಿರಬಾರದೆಂದು ಹೆಚ್ಚಿನದನ್ನು ಬಂದಲ್ಲಿಗೇ ಮರಳಿಸಿದಳು. ಈ ಕಥೆಯನ್ನು ನಾವು ಲಕ್ಕಮ್ಮನ ನಿಸ್ಪೃಹತೆಗೆ ನಿದರ್ಶನವೆಂದು ಹೇಳಿ ಮುಂದೆ ಸಾಗುತ್ತೇವೆ. ಆದರೆ ಅದರಲ್ಲೊಂದು ಸೂಕ್ಷ್ಮವಿದೆ. ಮಾರಯ್ಯ ಕದ್ದು ತಂದಿರಲಿಲ್ಲ. ಬೆವರು ಸುರಿಸಿ ಆಯ್ದೇ ತಂದಿದ್ದ. ಆದರೂ ಕಾಯಕಕ್ಕೆ ಸಲ್ಲುವುದೆಷ್ಟು, ಅದರ ಮೇಲಿನದೆಷ್ಟು ಎಂಬ ಗೆರೆಯನ್ನು ಆ ತಾಯಿ ಎಳೆದಳು. ಅಂಥದೇ ಗೆರೆಯೊಂದನ್ನು ಇಂದು ಕಾನೂನು ಎಳೆಯಬೇಕಾದ ಸಂದರ್ಭ ಬಂದಿದೆ. ಈ ಸಲ ನಾವು ಬರೆಯಹೊರಟಿರುವುದು ಮೊಬೈಲಿನಲ್ಲಿ ವೈದ್ಯರನ್ನು ಕಾಣುವಾಗ ರೋಗಿಗಳಿಂದ ಪಡೆಯುವ ಹೆಚ್ಚುವರಿ ಶುಲ್ಕಗಳನ್ನು ಕುರಿತು.

ವಿಷಯ ಎಷ್ಟು ಹತ್ತಿರದ್ದೆಂಬುದಕ್ಕೆ ಒಂದು ಪ್ರಸಂಗ. ಸುರಪುರ ತಾಲೂಕಿನ ನಮ್ಮ ಬಳಗದ ಒಂದು ಮನೆಯ ಹಿರಿಯ ತಾಯಿಗೆ ದೂರದ ಮಹಾನಗರದ ದೊಡ್ಡ ದವಾಖಾನೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗುಣವಾಗಿ ಊರಿಗೆ ಬಂದ ಬಳಿಕ, ಮತ್ತೆ ಅಷ್ಟು ದೂರ ಬರುವುದು ಬೇಡ, ವಿಡಿಯೋ ಕರೆಯಲ್ಲಿಯೇ ನೋಡುತ್ತೇವೆ ಎಂದು ದವಾಖಾನೆಯವರೇ ಹೇಳಿದರು. ಮನೆಯವರಿಗೆ ಸಂತೋಷವೇ ಆಯಿತು. ಆದರೆ ಗೊತ್ತಾದ ದಿನ ಹಣ ಕಟ್ಟಲು ಕುಳಿತಾಗ ವೈದ್ಯರ ಫೀಸಿನ ಕೆಳಗೆ ಒಂದೊಂದಾಗಿ ಸಾಲುಗಳು ಮೂಡತೊಡಗಿದವು: ಹೊಸದಾಗಿ ನೋಂದಣಿ ಶುಲ್ಕ, ಆ್ಯಪಿನ ಶುಲ್ಕ, ಅನುಕೂಲ ಶುಲ್ಕ, ಅದರ ಮೇಲೆ ತೆರಿಗೆ. ಕಟ್ಟಿದರು. ಕರೆ ನಾಲ್ಕು ನಿಮಿಷಕ್ಕೆ ಕಡಿದುಹೋಯಿತು, ಮರಳಿ ಸೇರಲಿಲ್ಲ. ಮತ್ತೆ ಮಾತನಾಡಬೇಕಾದರೆ ಮತ್ತೆ ಹಣ ಕಟ್ಟಿರೆಂಬ ಸಂದೇಶ ಬಂದಿತು. ಆ ಮನೆಯ ಮಗ ನಮ್ಮೆದುರು ಆಡಿದ ಮಾತನ್ನು ಅವರದೇ ನುಡಿಯಲ್ಲಿ ಹೇಳುವುದು ಲೇಸು: "ಡಾಕ್ಟರ ಫೀಸಿಗಿ ನಾವು ಬ್ಯಾಡ ಅನ್ನಂಗಿಲ್ಲರಿ. ಆದ್ರ ಅವರ ದವಾಖಾನಿ ಪಾವಟಿಗಿ ತುಳದಿಲ್ಲ, ಪಾವಟಿಗಿ ರೊಕ್ಕ ಯಾಕ ಕೊಡಬೇಕ್ರಿ?"

ಪಾವಟಿಗೆ ತುಳಿಯದೆ ಪಾವಟಿಗೆಯ ರೊಕ್ಕ. ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ಯಾವ ಶಾಸನಸಭೆಯಲ್ಲಿಯೂ ಯಾರೂ ಹೇಳಿರಲಾರರು. ಮೋಜಿನ ಸಂಗತಿಯೆಂದರೆ, ಸಾಗರದಾಚೆಯ ಅಮೆರಿಕದಲ್ಲಿ ಕಾನೂನು ಬಂದಿರುವುದು ಇದೇ ಮಾತಿನ ಮೇಲೆ. ಅಲ್ಲಿಯ ಆಸ್ಪತ್ರೆಗಳು ವೈದ್ಯರ ಶುಲ್ಕವಲ್ಲದೆ ಕಟ್ಟಡ, ಸಲಕರಣೆ, ಸಿಬ್ಬಂದಿಗಳ ಲೆಕ್ಕದಲ್ಲಿ ಇನ್ನೊಂದು ಶುಲ್ಕವನ್ನು ವಸೂಲು ಮಾಡುವ ರೂಢಿಯಿದೆ. ರೋಗಿ ತನ್ನ ಮನೆಯ ಕುರ್ಚಿಯಲ್ಲಿ ಕುಳಿತು ಪರದೆಯ ಮೇಲೆ ವೈದ್ಯರನ್ನು ಕಂಡಾಗಲೂ ಕೆಲವೆಡೆ ಈ ಕಟ್ಟಡದ ಶುಲ್ಕ ಬಿಲ್ಲಿನಲ್ಲಿ ಬರತೊಡಗಿದಾಗ ಜನ ಪ್ರಶ್ನಿಸಿದರು. ಕನೆಕ್ಟಿಕಟ್ ಎಂಬ ರಾಜ್ಯವು ೨೦೨೧ರಲ್ಲಿ, ದೂರವೈದ್ಯ ಭೇಟಿಗೆ ಆಸ್ಪತ್ರೆಗಳು ಇಂಥ ಕಟ್ಟಡ ಶುಲ್ಕವನ್ನು ಹಾಕಕೂಡದೆಂದು ಶಾಸನವನ್ನೇ ಮಾಡಿತು. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳುಳ್ಳ ಮನೆಗಳು ನಮ್ಮ ಓದುಗರಲ್ಲಿ ಅನೇಕವಿವೆ. ಮಕ್ಕಳ ಬಾಯಿಂದ ಅಲ್ಲಿಯ ಆಸ್ಪತ್ರೆ ಬಿಲ್ಲುಗಳ ವರ್ಣನೆಯನ್ನು ಕೇಳಿದವರಿಗೆ ಇದು ಅಚ್ಚರಿಯೆನಿಸದು.

ಇನ್ನು ನಮ್ಮ ನಾಡಿಗೆ ಬರೋಣ. ಯಾದಗಿರಿಯು ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾದದ್ದು ೨೦೦೯ರ ಡಿಸೆಂಬರ್ ೩೦ರಂದು. ಜಿಲ್ಲೆಗೊಂದು ಸರ್ಕಾರಿ ವೈದ್ಯಕೀಯ ಕಾಲೇಜು ಬರಲು ೨೦೨೨ರವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲು, ಈಗಲೂ ಬಹುಮಟ್ಟಿಗೆ, ಹೃದಯವೋ ಮೂತ್ರಪಿಂಡವೋ ನರವೋ ಕೆಟ್ಟಿತೆಂದರೆ ನಮ್ಮವರು ಹಾಸಿಗೆ ಸುತ್ತಿಕೊಂಡು ರಾಯಚೂರಿಗೆ, ಕಲಬುರಗಿಗೆ, ಸೊಲ್ಲಾಪುರಕ್ಕೆ, ಹೈದರಾಬಾದಿಗೆ, ಬೆಂಗಳೂರಿಗೆ ಹೊರಡುವವರೇ. ಯಾದಗಿರಿಗಾದರೆ ಮುಂಬಯಿ–ಚೆನ್ನೈ ರೈಲುಮಾರ್ಗವಿದೆ. ಶಹಾಪುರ, ಸುರಪುರಗಳವರು ಮೊದಲು ಬಸ್ಸಿನಲ್ಲಿ ಯಾದಗಿರಿಯವರೆಗೆ ಬಂದು ಆಮೇಲೆ ರೈಲು ಹತ್ತಬೇಕು. ಮುದನೂರು, ಕೆಂಭಾವಿ, ಕೊಡೇಕಲ್ಲುಗಳ ಕಡೆಯಿಂದ ಬರುವವರ ಪ್ರಯಾಸ ಇನ್ನೂ ಹೆಚ್ಚು. ರೋಗಿಯೊಂದಿಗೆ ಇಬ್ಬರು, ಎರಡು ರಾತ್ರಿಯ ವಸತಿ, ಊಟ, ಕಳೆದುಹೋದ ಕೂಲಿಯ ದಿನಗಳು, ಇವನ್ನೆಲ್ಲ ಕೂಡಿಸಿದರೆ ವೈದ್ಯರ ಫೀಸು ಅದರಲ್ಲಿ ಚಿಕ್ಕ ಬಾಬತ್ತು. ಆದ್ದರಿಂದ ದೂರವೈದ್ಯವು ನಮ್ಮ ಸೀಮೆಗೆ ಶೋಕಿಯ ವಸ್ತುವಲ್ಲ. ಇದು ಸರಿಯಾಗಿ ನಡೆದರೆ ಮುದನೂರಿನ ಒಬ್ಬ ರೈತ ತನ್ನ ತೊಗರಿಯ ರಾಶಿಯನ್ನು ಬಿಡದೆ ತಾಯಿಯ ಔಷಧಿಯನ್ನು ಸರಿಪಡಿಸಿಕೊಳ್ಳಬಹುದು. ಹೀಗಿರುವುದರಿಂದಲೇ, ಉಳಿದ ಪ್ರಯಾಣದ ಹಣವನ್ನು ಇನ್ನಾರೋ ನಡುವೆ ನಿಂತು ಸಣ್ಣ ಸಣ್ಣ ಶುಲ್ಕಗಳ ರೂಪದಲ್ಲಿ ಬಾಚಿಕೊಳ್ಳಲು ಅವಕಾಶವೂ ಉಂಟಾಗಿದೆ. ಬಸ್ಸಿನ ಖರ್ಚು ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ನಮ್ಮವರು ಪ್ರಶ್ನಿಸುವುದೂ ಇಲ್ಲ.

ಕರ್ನಾಟಕಕ್ಕೆ ದೂರವೈದ್ಯ ಹೊಸದಲ್ಲ. ೨೦೦೨ರ ಸುಮಾರಿಗೇ ಇಸ್ರೋ ಸಂಸ್ಥೆಯು ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆದರೆ ಅಂದು ಇಲ್ಲಿಯ ವೈದ್ಯರು ಅಲ್ಲಿಯ ವೈದ್ಯರನ್ನು ಕೇಳುವ ಏರ್ಪಾಡು. ರೋಗಿ ನೇರವಾಗಿ ಹಣ ಕಟ್ಟಿ ಮಾತನಾಡುವ ಮಾತು ಇರಲಿಲ್ಲ. ವೈದ್ಯರು ಫೋನಿನಲ್ಲಿ ಔಷಧಿ ಬರೆಯುವುದು ಕಾನೂನಿಗೆ ಸಮ್ಮತವೇ ಅಲ್ಲವೇ ಎಂಬುದೂ ಬಹುಕಾಲ ಅಸ್ಪಷ್ಟವಾಗಿಯೇ ಇತ್ತು. ಕೊರೋನಾ ಬಂದು ದೇಶಕ್ಕೆ ಬೀಗ ಬಿದ್ದ ಆ ವಾರದಲ್ಲಿಯೇ, ಅಂದರೆ ೨೦೨೦ರ ಮಾರ್ಚ್ ೨೫ರಂದು, ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿದ್ದ ಆಡಳಿತ ಮಂಡಳಿಯು ನೀತಿ ಆಯೋಗದ ನೆರವಿನೊಂದಿಗೆ ಟೆಲಿಮೆಡಿಸಿನ್ ವೃತ್ತಿಯ ಮಾರ್ಗಸೂಚಿಯನ್ನು ಹೊರಡಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಅದು ವೈದ್ಯರ ನಡತೆಗೆ ಸಂಬಂಧಿಸಿದ ೨೦೦೨ರ ವಿನಿಯಮಗಳ ಅನುಬಂಧವಾಗಿ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಆದುದರಿಂದ ಅದು ಬರಿಯ ಸಲಹೆಯಲ್ಲ. ಅದನ್ನು ಮೀರಿದ ವೈದ್ಯರ ಮೇಲೆ ಪರಿಷತ್ತು ಕ್ರಮ ಜರುಗಿಸಬಹುದು.

ಶುಲ್ಕದ ಬಗ್ಗೆ ಆ ಮಾರ್ಗಸೂಚಿ ಹೇಳುವುದು ಎರಡೇ ಮಾತು. ಶುಲ್ಕದ ದೃಷ್ಟಿಯಿಂದ ದೂರದ ಭೇಟಿಯನ್ನು ಎದುರುಬದುರಿನ ಭೇಟಿಯಂತೆಯೇ ಕಾಣಬೇಕು, ವೈದ್ಯರು ಯೋಗ್ಯ ಶುಲ್ಕವನ್ನು ಪಡೆಯಬಹುದು ಎಂಬುದು ಮೊದಲನೆಯದು. ಪಡೆದ ಹಣಕ್ಕೆ ರಸೀದಿಯನ್ನು ಕೊಡಬೇಕು ಎಂಬುದು ಎರಡನೆಯದು. 'ಯೋಗ್ಯ' ಎಂಬುದಕ್ಕೆ ಅಳತೆಯಿಲ್ಲ. ಅಷ್ಟರಮಟ್ಟಿಗೆ ಅದು ಸಡಿಲವೇ. ಆದರೂ ಫೋನಿನಲ್ಲಿ ಕಂಡಿರೆಂಬ ಒಂದೇ ಕಾರಣಕ್ಕೆ ಬೇರೊಂದು ದರದ ಪಟ್ಟಿಯನ್ನು ತೆರೆಯುವುದು ಈ ಮಾತಿನ ಆಶಯಕ್ಕೆ ಹೊಂದುವುದಿಲ್ಲವೆಂದು ನಾವು ಭಾವಿಸುತ್ತೇವೆ. ಅದೇ ಮಾರ್ಗಸೂಚಿಯಲ್ಲಿ ನಮ್ಮವರು ತಿಳಿದಿರಬೇಕಾದ ಮತ್ತೊಂದು ವಿಧಿಯಿದೆ. ರೋಗಿಯು ತಾನೇ ದವಾಖಾನೆಗೆ ಬರಲು ಸಿದ್ಧನಿದ್ದು, ಎದುರಿಗೇ ತೋರಿಸಿಕೊಳ್ಳುತ್ತೇನೆಂದು ಕೇಳಿದಾಗಲೂ ಫೋನಿನಲ್ಲೇ ನೋಡುತ್ತೇನೆಂದು ವೈದ್ಯರು ಹಟ ಹಿಡಿದರೆ ಅದು ದುರ್ನಡತೆಯೆನಿಸುತ್ತದೆ. ಮೊಬೈಲೇ ಬಾಗಿಲಾಗಿ, ನಿಜವಾದ ಬಾಗಿಲು ಮುಚ್ಚಬಾರದೆಂಬುದು ಇದರ ತಾತ್ಪರ್ಯ. ಹಾಗೆಯೇ, ಒಂದೇ ರೋಗಕ್ಕಾಗಿ ಎದುರಿಗೆ ತೋರಿಸಿಕೊಂಡ ಆರು ತಿಂಗಳೊಳಗೆ ಅದೇ ವೈದ್ಯರನ್ನು ಮತ್ತೆ ದೂರದಿಂದ ಕಂಡರೆ ಅದನ್ನು ಮುಂದುವರಿದ ಭೇಟಿಯೆಂದು ಅದು ಗುರುತಿಸುತ್ತದೆ. ಇದು ಔಷಧಿ ಬರೆಯುವ ನಿಯಮಕ್ಕಾಗಿ ಮಾಡಿದ ವಿಂಗಡಣೆ, ಶುಲ್ಕಕ್ಕಾಗಿ ಅಲ್ಲ. ಆದರೆ ಶಸ್ತ್ರಚಿಕಿತ್ಸೆಯಾದ ಮೂರನೆಯ ತಿಂಗಳಿಗೆ ಆ ತಾಯಿಯಿಂದ 'ಹೊಸ ನೋಂದಣಿ' ಶುಲ್ಕ ಪಡೆದವರನ್ನು, ಇವರು ಹೊಸಬರು ಹೇಗಾದರೆಂದು ಕೇಳಲು ಇದು ಸಾಕಾದ ಆಧಾರ. ನಮ್ಮ ಊರುಗಳ ಹಳೆಯ ದವಾಖಾನೆಗಳಲ್ಲಿ ಒಮ್ಮೆ ತೋರಿಸಿದವರು ವಾರದೊಳಗೆ ಮತ್ತೆ ಹೋದರೆ ಫೀಸು ಕೇಳದ ಸಂಪ್ರದಾಯ ಇಂದಿಗೂ ಅಲ್ಲಲ್ಲಿ ಉಳಿದಿದೆ. ಅದಕ್ಕೆ ಯಾವ ಕಾನೂನೂ ಬೇಕಾಗಿರಲಿಲ್ಲ.

೨೦೦೨ರ ಆ ಮೂಲ ವಿನಿಯಮಗಳನ್ನೂ ಓದಿದರೆ ಇನ್ನಷ್ಟು ಆಧಾರ ದೊರೆಯುತ್ತದೆ. ವೈದ್ಯರು ತಮ್ಮ ಶುಲ್ಕವನ್ನು ಸೇವೆಗೆ ಮೊದಲೇ ತಿಳಿಸಬೇಕೇ ಹೊರತು ಚಿಕಿತ್ಸೆ ನಡೆಯುತ್ತಿರುವಾಗ ಅಲ್ಲವೆಂದೂ, ಶುಲ್ಕ ಹಾಗೂ ಇತರ ದರಗಳನ್ನು ತಮ್ಮ ಕೊಠಡಿಯ ಫಲಕದಲ್ಲಿ ಕಾಣುವಂತೆ ಬರೆಸಬೇಕೆಂದೂ, ರೋಗಿಯನ್ನು ಕಳುಹಿಸಿದ್ದಕ್ಕಾಗಿ ಕಮಿಷನ್ ಕೊಡುವುದು ಪಡೆಯುವುದು ಕೂಡದೆಂದೂ ಅಲ್ಲಿ ಸ್ಪಷ್ಟವಾಗಿದೆ. ಮೊಬೈಲಿನ ಪರದೆಯನ್ನು ವೈದ್ಯರ ಕೊಠಡಿಯೆಂದು ತಿಳಿದರೆ, ಫಲಕವೂ ಆ ಪರದೆಯ ಮೇಲೆಯೇ, ಹಣ ಕಟ್ಟುವ ಗುಂಡಿ ಒತ್ತುವ ಮೊದಲೇ ಇರಬೇಕಲ್ಲವೆ?

ರಾಜ್ಯದ ಕಾನೂನಿನ ಕಥೆ ಬೇರೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವು ೨೦೦೭ರದು. ಅದಕ್ಕೆ ೨೦೧೭ರಲ್ಲಿ ತಿದ್ದುಪಡಿ ತರಲು ಹೊರಟಾಗ ನಡೆದ ಗದ್ದಲವನ್ನು ಓದುಗರು ಮರೆತಿರಲಾರರು. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಅಧ್ಯಕ್ಷತೆಯ ಸಮಿತಿಯೊಂದು ಮೊದಲೇ ವರದಿ ಕೊಟ್ಟಿತ್ತು. ಅಂದಿನ ಆರೋಗ್ಯ ಸಚಿವ ಕೆ. ಆರ್. ರಮೇಶ್ ಕುಮಾರ್ ಅವರು ಮಂಡಿಸಿದ ಮಸೂದೆಯಲ್ಲಿ ದರ ನಿಗದಿಯ ಮಾತೂ ವೈದ್ಯರಿಗೆ ಸೆರೆವಾಸದ ಮಾತೂ ಇದ್ದುದರಿಂದ, ಆ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಬೆಳಗಾವಿಯ ಅಧಿವೇಶನದಲ್ಲಿ ಮಸೂದೆ ಮೆತ್ತಗಾಗಿ ಅಂಗೀಕಾರವಾಯಿತು. ಮೆತ್ತಗಾದರೂ ನಮಗೆ ಉಪಯುಕ್ತವಾದ ಅಂಶಗಳು ಅದರಲ್ಲಿ ಉಳಿದಿವೆ. ಸಂಸ್ಥೆಯು ತನ್ನ ದರಗಳನ್ನು ರೋಗಿಗಳಿಗೆ ತಿಳಿಯುವಂತೆ ಪ್ರಕಟಿಸಬೇಕು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆಯನ್ನು ತಡೆಯಕೂಡದು. ಬಾಕಿ ಹಣಕ್ಕಾಗಿ ಶವವನ್ನು ಹಿಡಿದಿಟ್ಟುಕೊಳ್ಳಕೂಡದು. ರೋಗಿಗಳ ಹಕ್ಕುಗಳ ಸನ್ನದು ಅದರ ಅಂಗವಾಗಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಹಾಗೂ ಕುಂದುಕೊರತೆ ಪರಿಹಾರದ ಪ್ರಾಧಿಕಾರವಿದೆ. ಅಂದರೆ ಯಾದಗಿರಿಯ ಯಾವುದೇ ಖಾಸಗಿ ದವಾಖಾನೆಯ ಮೇಲಿನ ದೂರನ್ನು ಯಾದಗಿರಿಯಲ್ಲಿಯೇ ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ.

ಇಲ್ಲಿಯೇ ನಮ್ಮ ಗಡಿಸೀಮೆಯ ಕಷ್ಟ ಎದುರಾಗುವುದು. ಈ ಅಧಿನಿಯಮದ ಕೈ ರಾಜ್ಯದ ಎಲ್ಲೆಯವರೆಗೆ ಮಾತ್ರ ಚಾಚುತ್ತದೆ. ನಮ್ಮವರಲ್ಲಿ ಬಹಳ ಮಂದಿ ತೋರಿಸಿಕೊಳ್ಳುವುದು ತೆಲಂಗಾಣದ ಹೈದರಾಬಾದಿನಲ್ಲಿ, ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ. ಅಲ್ಲಿಯ ದವಾಖಾನೆಗೆ ನಮ್ಮ ಜಿಲ್ಲಾಧಿಕಾರಿಗಳ ನೋಟೀಸು ನಾಟುವುದಿಲ್ಲ. ಇನ್ನು ಆ್ಯಪ್ ನಡೆಸುವ ಕಂಪನಿಗಳಿಗಂತೂ ಹಾಸಿಗೆಯಿಲ್ಲ, ಶಸ್ತ್ರಚಿಕಿತ್ಸೆಯ ಕೊಠಡಿಯಿಲ್ಲ, ನಮ್ಮ ಜಿಲ್ಲೆಯಲ್ಲಿ ಒಂದು ಬಾಗಿಲೂ ಇಲ್ಲ. ಗೋಡೆ, ಹಾಸಿಗೆ, ಫಲಕ ಇವನ್ನು ಕಣ್ಣೆದುರಿಗಿಟ್ಟುಕೊಂಡು ೨೦೦೭ರಲ್ಲಿ ಬರೆದ ಕಾನೂನಿಗೆ ಗೋಡೆಯೇ ಇಲ್ಲದ ದವಾಖಾನೆಯನ್ನು ಹಿಡಿಯುವುದು ಕಠಿಣ. ಅದು ಶಾಸನ ಬರೆದವರ ದೋಷವಲ್ಲ. ಅಂದು ಇಂಥದೊಂದು ಬರುವುದೆಂದು ಯಾರಿಗೂ ತೋರಿರಲಿಲ್ಲ. ಆದರೆ ೨೦೧೭ರ ತಿದ್ದುಪಡಿಯ ನಂತರ ಇಷ್ಟು ವರ್ಷಗಳು ಸಂದಿವೆ. ಅಷ್ಟರಲ್ಲಿ ವೈದ್ಯರು ನಮ್ಮ ಅಂಗಿಯ ಜೇಬಿನೊಳಗೆ ಬಂದು ಕುಳಿತರು.

ಸದ್ಯಕ್ಕೆ ನಮಗೆ ಆಸರೆಯಾಗಿರುವುದು ಗ್ರಾಹಕರ ಕಾನೂನು. ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ೨೦೨೦ರ ಜುಲೈಯಿಂದ ಜಾರಿಯಲ್ಲಿದೆ. ಹಳೆಯ ಕಾನೂನಿನಲ್ಲಿ ಸಾಮಾನ್ಯವಾಗಿ ಎದುರಾಳಿಯ ಊರಿಗೋ ತಕರಾರಿನ ಕಾರಣ ಹುಟ್ಟಿದ ಊರಿಗೋ ಹೋಗಿ ದೂರು ಕೊಡಬೇಕಾಗುತ್ತಿತ್ತು. ಹೊಸ ಕಾನೂನಿನಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದ ಮುಂದೆಯೇ ದೂರನ್ನು ಸಲ್ಲಿಸಬಹುದು. ಹೈದರಾಬಾದಿನ ದವಾಖಾನೆಯಾಗಲಿ ಗುರುಗ್ರಾಮದ ಆ್ಯಪಾಗಲಿ ನಮ್ಮ ಜಿಲ್ಲೆಗೇ ಬಂದು ಉತ್ತರ ಹೇಳಬೇಕು. ಕೊಟ್ಟ ಹಣ ಐದು ಲಕ್ಷ ರೂಪಾಯಿಗಳವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಸೇವೆಗೆ ಬಿಲ್ಲನ್ನಾಗಲಿ ರಸೀದಿಯನ್ನಾಗಲಿ ಕೊಡದಿರುವುದನ್ನು ಆ ಕಾನೂನು ಅನುಚಿತ ವ್ಯಾಪಾರ ಪದ್ಧತಿಯೆಂದೇ ಹೆಸರಿಸಿದೆ. ನ್ಯಾಯಾಲಯದ ಮಾತೆಂದರೆ ಹೆದರುವವರು ಮೊದಲು ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಸಣ್ಣ ಮೊತ್ತದ ತಕರಾರುಗಳು ಕೆಲವೊಮ್ಮೆ ಅಲ್ಲಿಯೇ ಬಗೆಹರಿಯುವುದುಂಟು.

ಇದಕ್ಕಿಂತಲೂ ಹರಿತವಾದ ಆಯುಧವೊಂದು ೨೦೨೩ರ ನವೆಂಬರ್ ೩೦ರಂದು ನಮ್ಮ ಕೈಗೆ ಬಂದಿದೆ. ಅದನ್ನು ಬಲ್ಲವರು ವಿರಳ. ಅಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ಜನರನ್ನು ಮರುಳುಗೊಳಿಸಿ ಹಣ ಕೀಳುವಂತೆ ಆ್ಯಪುಗಳಲ್ಲಿಯೂ ಜಾಲತಾಣಗಳಲ್ಲಿಯೂ ಹೂಡುವ ತಂತ್ರಗಳನ್ನು ನಿಷೇಧಿಸಿ ಮಾರ್ಗಸೂಚಿಯನ್ನು ಹೊರಡಿಸಿತು. ಅಲ್ಲಿ ಹದಿಮೂರು ತಂತ್ರಗಳನ್ನು ಹೆಸರಿಸಲಾಗಿದೆ. ಮೊದಲು ಒಂದು ದರವನ್ನು ತೋರಿಸಿ, ಕೊನೆಗೆ ಹಣ ಕಟ್ಟುವಾಗ ಹನಿಹನಿಯಾಗಿ ಬೇರೆ ಶುಲ್ಕಗಳನ್ನು ತೊಟ್ಟಿಕ್ಕಿಸುವುದು ಅವುಗಳಲ್ಲೊಂದು. ಕೇಳದಿದ್ದ ವಸ್ತುವನ್ನೋ ಸೇವೆಯನ್ನೋ ದೇಣಿಗೆಯನ್ನೋ ಸದ್ದಿಲ್ಲದೆ ಬುಟ್ಟಿಯಲ್ಲಿ ಸೇರಿಸಿ ಲೆಕ್ಕ ಹೆಚ್ಚಿಸುವುದು ಇನ್ನೊಂದು. ವೈದ್ಯರ ಭೇಟಿಗೆಂದು ಹೋದವರಿಗೆ ವರ್ಷದ ಸದಸ್ಯತ್ವವನ್ನು ಮೊದಲೇ ಗುರುತು ಹಾಕಿ ಸೇರಿಸಿಡುವುದು ಇದರೊಳಗೇ ಬರುತ್ತದೆ. ಈ ಮಾರ್ಗಸೂಚಿ ವೈದ್ಯಕೀಯಕ್ಕಾಗಿಯೇ ಬರೆದದ್ದಲ್ಲ; ರೈಲು ಟಿಕೇಟಿನಿಂದ ಹಿಡಿದು ಸೀರೆ ಮಾರುವವರವರೆಗೆ ಎಲ್ಲರಿಗೂ ಅನ್ವಯಿಸುವಂಥದು. ಆದರೂ ಆ ತಾಯಿಯ ಬಿಲ್ಲಿನ ಸಾಲುಗಳನ್ನು ನೋಡಿದರೆ ಅವರಿಗಾಗಿಯೇ ಬರೆದಂತಿದೆ. ತೆರಿಗೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ವೈದ್ಯರ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿಯಿದೆ. ಬಿಲ್ಲಿನಲ್ಲಿ ತೆರಿಗೆ ಕಂಡಿತೆಂದರೆ, ಅದು ನಡುವಿನವರು ತಮ್ಮ ಸೇವೆಗೆಂದು ಹಾಕಿದ ಶುಲ್ಕದ ಮೇಲಿನದು. ತೆರಿಗೆಯ ಸಾಲನ್ನು ನೋಡಿದರೆ ಸಾಕು, ವೈದ್ಯರಿಗೆ ಹೋದದ್ದೆಷ್ಟು, ದಲ್ಲಾಳಿಗೆ ಹೋದದ್ದೆಷ್ಟು ಎಂಬುದು ತಾನಾಗಿ ಬಯಲಾಗುತ್ತದೆ.

ನಾವು ವೈದ್ಯರ ಮೇಲೆ ಹರಿಹಾಯುತ್ತಿದ್ದೇವೆಂದು ಯಾರೂ ಭಾವಿಸಬಾರದು. ಅನುಭವ ಮಂಟಪದ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣನೂ ಇದ್ದನು. ನೇಯ್ಗೆ, ಮಡಿ, ಅಂಬಿಗತನಗಳಂತೆಯೇ ವೈದ್ಯವೂ ಅಲ್ಲಿ ಕಾಯಕವಾಗಿ ಗೌರವ ಪಡೆಯಿತು. ಕಾಯಕಕ್ಕೆ ಪ್ರತಿಫಲ ಸಲ್ಲಲೇಬೇಕು. ಫೋನಿನಲ್ಲಿ ನೋಡುವುದೆಂದರೆ ಬಿಟ್ಟಿಯಾಗಿ ನೋಡುವುದೆಂದು ನಮ್ಮಲ್ಲಿ ಕೆಲವರು ತಿಳಿದಿರುವುದೂ ನಿಜ. ರಾತ್ರಿ ಹನ್ನೊಂದಕ್ಕೆ ಪರಿಚಯದ ವೈದ್ಯರಿಗೆ ವಾಟ್ಸಾಪಿನಲ್ಲಿ ರಕ್ತಪರೀಕ್ಷೆಯ ಕಾಗದವನ್ನು ಕಳುಹಿಸಿ, ಮುಂಜಾನೆಯವರೆಗೆ ಉತ್ತರ ಬರದಿದ್ದರೆ ಮುನಿಸಿಕೊಳ್ಳುವ ಬಂಧುಗಳನ್ನು ನಾವು ಬಲ್ಲೆವು. ಕಾಗದ ಓದುವುದಕ್ಕೂ ವಿದ್ಯೆ ಬೇಕು, ಸಮಯ ಬೇಕು. ಫೋನಿನಲ್ಲಿ ಕೊಟ್ಟ ಸಲಹೆಗೂ ವೈದ್ಯರೇ ಹೊಣೆ. ಒಂದು ಕರೆಯ ದಾಖಲೆಯನ್ನು ಇಡಬೇಕು, ರೋಗಿಯ ಗುರುತನ್ನು ಖಚಿತಪಡಿಸಿಕೊಳ್ಳಬೇಕು, ತಮ್ಮ ನೋಂದಣಿ ಸಂಖ್ಯೆಯನ್ನು ಔಷಧಿ ಚೀಟಿಯ ಮೇಲೆ ನಮೂದಿಸಬೇಕೆಂದು ಕಾನೂನು ಅವರಿಗೂ ಭಾರ ಹೊರಿಸಿದೆ. ಸಣ್ಣ ಊರಿನ ಒಂಟಿ ವೈದ್ಯರು ದೊಡ್ಡ ಆ್ಯಪಿನವರ ಕೈಗೊಂಬೆಗಳಾಗಿ, ರೋಗಿ ಕೊಟ್ಟ ಹಣದಲ್ಲಿ ತಮ್ಮ ಪಾಲು ತಮಗೇ ಸರಿಯಾಗಿ ಬರುತ್ತಿಲ್ಲವೆಂದು ಕೊರಗುವುದನ್ನೂ ಕೇಳಿದ್ದೇವೆ. ಆದ್ದರಿಂದ ನಮ್ಮ ತಕರಾರು ವೈದ್ಯರ ಫೀಸಿನ ಮೇಲಲ್ಲ. ಕಾಯಕವಿಲ್ಲದೆ ಅದರ ಮೇಲೆ ಏರಿ ಕೂರುವ ಶುಲ್ಕದ ಮೇಲೆ. ನಮ್ಮ ಹಳ್ಳಿಗಳಲ್ಲಿ ಮೊಬೈಲು ಬಾರದ ಮುದುಕರಿಗೆ ಕಂಪ್ಯೂಟರ್ ಅಂಗಡಿಯ ಹುಡುಗನೊಬ್ಬ ಕರೆ ಜೋಡಿಸಿಕೊಟ್ಟು, ಚೀಟಿ ತೆಗೆದುಕೊಟ್ಟು ಹತ್ತಿಪ್ಪತ್ತು ರೂಪಾಯಿ ಪಡೆದರೆ ಅದಕ್ಕೂ ನಮ್ಮ ಆಕ್ಷೇಪವಿಲ್ಲ. ಅದು ಅವನ ದುಡಿಮೆ. ಮೊದಲೇ ಹೇಳಿ ಪಡೆಯಲಿ ಎಂಬುದಷ್ಟೇ ನಮ್ಮ ಮಾತು.

ಹಣವೇ ಬೇಡದ ದಾರಿಯೂ ಇದೆಯೆಂಬುದು ಅನೇಕರಿಗೆ ಗೊತ್ತಿಲ್ಲ. ಕೇಂದ್ರ ಸರ್ಕಾರದ ಇ-ಸಂಜೀವಿನಿ ಸೇವೆ ೨೦೧೯ರ ನವೆಂಬರಿನಲ್ಲಿ ಆರಂಭವಾಯಿತು. ಮನೆಯಿಂದಲೇ ವೈದ್ಯರನ್ನು ಕಾಣುವ ಅದರ ಇನ್ನೊಂದು ಶಾಖೆ ಕೊರೋನಾ ಕಾಲದಲ್ಲಿ, ೨೦೨೦ರ ಏಪ್ರಿಲಿನಲ್ಲಿ ಸೇರಿಕೊಂಡಿತು. ೨೦೨೩ರ ಫೆಬ್ರುವರಿಯ ಹೊತ್ತಿಗೆ ದೇಶದಲ್ಲಿ ಹತ್ತು ಕೋಟಿ ಭೇಟಿಗಳನ್ನು ಅದು ದಾಟಿತ್ತು. ಊರಿನ ಉಪಕೇಂದ್ರಕ್ಕೆ ಹೋದರೆ ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿಯೇ ಕರೆಯನ್ನು ಜೋಡಿಸಿ, ರಕ್ತದೊತ್ತಡವನ್ನು ನೋಡಿ ವೈದ್ಯರಿಗೆ ತಿಳಿಸುತ್ತಾರೆ. ಮುದುಕರಿಗೆ ಇದೇ ಸುಲಭ. ಮನಸ್ಸಿನ ಬೇಗೆಗೆ, ಇದನ್ನು ನಮ್ಮ ಮನೆಗಳಲ್ಲಿ ಈಗಲೂ ಮುಚ್ಚಿಡುತ್ತೇವೆ, ಟೆಲಿ-ಮಾನಸ್ ಎಂಬ ಸೇವೆಯಿದೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಇದರ ಸಂಖ್ಯೆ ೧೪೪೧೬. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು: ಎದೆನೋವು, ಉಸಿರಾಟದ ತೊಂದರೆ, ಹಾವು ಕಡಿತ, ಬಾಣಂತಿಯ ರಕ್ತಸ್ರಾವ ಇಂಥವಕ್ಕೆ ಯಾವ ಫೋನೂ ಅಲ್ಲ, ೧೦೮ರ ವಾಹನ. ಮೊಬೈಲು ಹಿಡಿದು ಕುಳಿತು ವೇಳೆ ಕಳೆಯುವಂತಿಲ್ಲ.

ವಿಮೆಯ ವಿಷಯವಾಗಿಯೂ ಎರಡು ಮಾತು. ಹೊರರೋಗಿ ಸಲಹೆಯ ಖರ್ಚನ್ನು ಕೊಡುವ ಪಾಲಿಸಿಯಿದ್ದರೆ ಟೆಲಿಮೆಡಿಸಿನ್ ಸಲಹೆಯ ಖರ್ಚನ್ನೂ ಒಪ್ಪಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು ೨೦೨೦ರ ಜೂನ್ ತಿಂಗಳಲ್ಲಿಯೇ ಕಂಪನಿಗಳಿಗೆ ತಿಳಿಸಿದೆ. ಆದರೆ ರಸೀದಿಯಿಲ್ಲದೆ ಯಾವ ಕಂಪನಿಯೂ ಹಣ ಕೊಡದು. ಯುಪಿಐಯಲ್ಲಿ ಹಣ ಹೋದ ಗುರುತು ರಸೀದಿಯಲ್ಲ. ವೈದ್ಯರ ಹೆಸರು, ನೋಂದಣಿ ಸಂಖ್ಯೆ, ದಿನಾಂಕ, ಯಾವುದಕ್ಕೆ ಎಷ್ಟೆಂಬ ವಿವರ ಇರುವ ಕಾಗದವನ್ನು ಕೇಳಿ ಪಡೆಯಬೇಕು, ಸಂಕೋಚಪಡಬೇಕಾದುದಿಲ್ಲ.

ಶಾಸನದಲ್ಲಿ ಏನು ಬರಬೇಕೆಂದು ನಾವು ಬಯಸುತ್ತೇವೆ? ವಿಧಾನಸಭೆಯಲ್ಲಿ ನಮ್ಮ ಜಿಲ್ಲೆಯಿಂದ ಯಾದಗಿರಿ, ಶಹಾಪುರ, ಸುರಪುರ, ಗುರುಮಿಠಕಲ್ ಈ ನಾಲ್ಕು ಕ್ಷೇತ್ರಗಳ ಪ್ರತಿನಿಧಿಗಳಿದ್ದಾರೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮಕ್ಕೆ ಇನ್ನೊಂದು ತಿದ್ದುಪಡಿ ತರಲು ಅವರು ಪಕ್ಷಭೇದ ಮರೆತು ಒತ್ತಾಯಿಸಬಹುದು. ಕರ್ನಾಟಕದಲ್ಲಿ ವಾಸಿಸುವ ರೋಗಿಯನ್ನು ದೂರದಿಂದ ನೋಡುವ ಯಾವುದೇ ಸಂಸ್ಥೆಯೂ, ಅದಕ್ಕೆ ಇಲ್ಲಿ ಗೋಡೆಯಿರಲಿ ಇಲ್ಲದಿರಲಿ, ರಾಜ್ಯದಲ್ಲಿ ನೋಂದಾಯಿಸಿಕೊಂಡು ಒಬ್ಬ ಉತ್ತರದಾಯಿಯನ್ನು ಹೆಸರಿಸಬೇಕು. ಪೂರ್ತಿ ಮೊತ್ತವನ್ನು ಒಂದೇ ಅಂಕಿಯಲ್ಲಿ, ಕನ್ನಡದಲ್ಲಿ, ಹಣ ಕಟ್ಟುವ ಮೊದಲೇ ತೋರಿಸಬೇಕು. ಕಟ್ಟಡಕ್ಕೆ ಕಾಲಿಡದವರಿಂದ ಕಟ್ಟಡದ ಬಾಬತ್ತು ಪಡೆಯಕೂಡದು. ಕರೆ ಕಡಿದರೆ ಅದೇ ಶುಲ್ಕದಲ್ಲಿ ಮತ್ತೆ ಜೋಡಿಸಬೇಕು, ಇಲ್ಲವೇ ಹಣವನ್ನು ಮರಳಿಸಬೇಕು. ಈ ಕೊನೆಯದನ್ನು ೨೦೨೦ರ ಮಾರ್ಗಸೂಚಿ ಮುಟ್ಟಿಯೇ ಇಲ್ಲ. ನೆಟ್‌ವರ್ಕು ಸಿಗಲೆಂದು ಮಾಳಿಗೆ ಹತ್ತಿ ನಿಂತು ಮಾತನಾಡುವ ನಮ್ಮ ಊರುಗಳಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ. ವೈದ್ಯರ ಫೀಸಿಗೆ ಸರ್ಕಾರ ಮಿತಿ ಹಾಕಬೇಕೆಂದು ನಾವು ಕೇಳುತ್ತಿಲ್ಲ. ೨೦೧೭ರಲ್ಲಿ ಆ ದಾರಿ ಎಲ್ಲಿಗೆ ಮುಟ್ಟಿತೆಂಬುದನ್ನು ನೋಡಿದ್ದೇವೆ. ಮುಷ್ಕರದ ದಿನಗಳಲ್ಲಿ ಕಷ್ಟಪಟ್ಟವರು ಬಡ ರೋಗಿಗಳೇ.

ಇಂಥ ಬೇಡಿಕೆಗೆ ಬರಿಯ ಮಾತು ಸಾಲದು, ಕಾಗದ ಬೇಕು. ಆದುದರಿಂದ ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳ ಓದುಗರಲ್ಲಿ ನಮ್ಮ ಬಿನ್ನಹವಿದು. ಕಳೆದ ಒಂದು ವರ್ಷದಲ್ಲಿ ಫೋನಿನಲ್ಲಿಯೋ ವಿಡಿಯೋದಲ್ಲಿಯೋ ವೈದ್ಯರನ್ನು ಕಂಡವರು ತಮ್ಮ ಬಿಲ್ಲಿನ ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬೇಕು. ರೋಗಿಯ ಹೆಸರನ್ನೂ ರೋಗದ ಹೆಸರನ್ನೂ ಮಸಿಯಿಂದ ಅಳಿಸಿರಿ. ಅವು ನಮಗೆ ಬೇಡ. ವೈದ್ಯರ ಫೀಸೆಷ್ಟು, ಅದರ ಮೇಲಿನ ಸಾಲುಗಳು ಯಾವುವು, ಕರೆ ಎಷ್ಟು ನಿಮಿಷ ನಡೆಯಿತು ಎಂಬುದಷ್ಟೇ ಸಾಕು. ಒಂದು ಪೈಸೆಯೂ ಹೆಚ್ಚು ಪಡೆಯದೆ ಚೆನ್ನಾಗಿ ನೋಡಿದವರ ಬಿಲ್ಲುಗಳಿದ್ದರೆ ಅವನ್ನೂ ಕಳುಹಿಸಿರಿ; ಹೋಲಿಸಲು ಬೇಕಾಗುತ್ತವೆ. ಬಂದವನ್ನು ಹೊಂದಿಸಿ ನಾಲ್ವರು ಶಾಸಕರಿಗೂ ಜಿಲ್ಲಾಧಿಕಾರಿಗಳಿಗೂ ಒಂದೊಂದು ಪ್ರತಿಯನ್ನು ತಲುಪಿಸುತ್ತೇವೆ.